ನೂರಾ ಹನ್ನೆರಡು ಮಕ್ಕಳ ಅಕ್ಕಿ

ನವೆಂಬರ್ 2, 1998, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ.

ದಾವಣಗೆರೆ ನಗರದ ಠಾಣೆಗೆ ಅರವತ್ತೆಂಟು ವರ್ಷದ ದ್ರಾಕ್ಷಾಯಣಮ್ಮ ಬಂದಾಗ, ಬರೆಯುವ ಮೇಜಿನ ಹಿಂದೆ ಕುಳಿತಿದ್ದ ಹೆಡ್ ಕಾನ್‌ಸ್ಟೆಬಲ್ ಹಯಾತ್ ಸಾಬ್ ಎದ್ದು ನಿಂತರು. ಠಾಣೆಗೆ ಬಂದವರಿಗೆಲ್ಲ ಅವರು ಏಳುವವರಲ್ಲ. ದ್ರಾಕ್ಷಾಯಣಮ್ಮನ ಜೊತೆಗೆ ಬಿ.ಕಾಂ. ಓದುತ್ತಿದ್ದ ಮೊಮ್ಮಗಳು ವಾಣಿ ಇದ್ದಳು. ಅಜ್ಜಿ ಒಂದು ಉದ್ದನೆಯ ಕಂದು ಲಕೋಟೆಯನ್ನು ಪ್ರಸಾದದ ಪೊಟ್ಟಣದಂತೆ ಎರಡೂ ಕೈಯಲ್ಲಿ ಹಿಡಿದಿದ್ದರು.

"ನೀವ್ಯಾಕ ಬರಾಕೆ ಹೋದ್ರಿ ಅಮ್ಮಾರೆ? ಹೇಳಿ ಕಳಿಸಿದ್ರ ನಾನೇ ಬರ್ತಿದ್ದೆ," ಎಂದರು ಹಯಾತ್ ಸಾಬ್.

"ಇದು ಹೇಳಿ ಕಳಿಸೋ ಮಾತಲ್ಲಪ್ಪ."

ಇನ್‌ಸ್ಪೆಕ್ಟರ್ ಕರಿಬಸವರಾಜ ಅವರನ್ನು ಒಳಗೆ ಕೂರಿಸಿಕೊಂಡು ಮೊದಲಿನಿಂದ ಕೇಳಿದರು. ಹದಿನಾಲ್ಕು ವರ್ಷದ ಹಿಂದೆ ದ್ರಾಕ್ಷಾಯಣಮ್ಮ ಹರಿಹರದಲ್ಲಿ, ಹೊಳೆಗೆ ಹೋಗುವ ದಾರಿಯಲ್ಲಿ, ತಮ್ಮ ಹಳೆಯ ಮನೆಯನ್ನು ಬಿಟ್ಟುಕೊಟ್ಟು 'ಅಕ್ಕನ ಮನೆ' ಎಂಬ ಟ್ರಸ್ಟ್ ಮಾಡಿದ್ದರು. ಸುತ್ತಲ ಹಳ್ಳಿಗಳ ಬಡ ಹೆಣ್ಣುಮಕ್ಕಳಿಗೆ ಅಲ್ಲಿ ಊಟ, ವಸತಿ, ಓದು ಉಚಿತ. ಅದು ನಡೆಯುತ್ತಿದ್ದುದು ಹಿಡಿ ಅಕ್ಕಿಯಿಂದ. ದಾವಣಗೆರೆಯ ನಾನೂರು ಮನೆಗಳ ಹೆಣ್ಣುಮಕ್ಕಳು ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆಯುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಮಡಿಕೆಗೆ ಹಾಕುತ್ತಿದ್ದರು. ಸೋಮವಾರ ಚೀಲ ಹಿಡಿದು ಟ್ರಸ್ಟಿನ ಹೆಂಗಸರು ಬಂದಾಗ ಆ ಮಡಿಕೆ ಖಾಲಿಯಾಗುತ್ತಿತ್ತು. ಹಯಾತ್ ಸಾಬರ ಮನೆಯಲ್ಲಿ ಮಡಿಕೆಯ ಬದಲು ಡಾಲ್ಡಾ ಡಬ್ಬಿ. ಅವರ ಹೆಂಡತಿ ಹಜೀರಾಬೀ ಒಂಬತ್ತು ವರ್ಷದಿಂದ ಒಂದು ದಿನವೂ ಬಿಟ್ಟವರಲ್ಲ.

ಲಕೋಟೆಯಲ್ಲಿದ್ದುದು ಆದಾಯ ತೆರಿಗೆ ಕಚೇರಿಯ ನೋಟೀಸು. 1997ರ ಮಾರ್ಚಿಗೆ ಮುಗಿದ ವರ್ಷದ ರಿಟರ್ನ್ಸ್ ಪರಿಶೀಲನೆಗೆ ತೆಗೆದುಕೊಂಡಿದ್ದೇವೆ, ಈ ತಿಂಗಳ ಇಪ್ಪತ್ತರಂದು ಲೆಕ್ಕದ ಪುಸ್ತಕಗಳೊಂದಿಗೆ ಹಾಜರಾಗಿ ಎಂದು ಬರೆದಿತ್ತು. ಟ್ರಸ್ಟಿನ ಕಚೇರಿಗೆ ಅಂದು ಬೀಗ ಇದ್ದುದರಿಂದ ಪರಿಚಯದ ಅಂಚೆಯವನು ಅದನ್ನು ಅಧ್ಯಕ್ಷೆಯಾದ ದ್ರಾಕ್ಷಾಯಣಮ್ಮನ ಮನೆಗೇ ತಂದುಕೊಟ್ಟಿದ್ದ. ಇಂಗ್ಲಿಷ್ ಬಾರದ ಅಜ್ಜಿಗೆ ವಾಣಿ ಓದಿ ಹೇಳಿದಳು. ಆಮೇಲೆ ರಿಟರ್ನ್ಸ್ ಎಲ್ಲಿದೆ ಎಂದು ಕೇಳಿದಳು. ಪ್ರತಿ ವರ್ಷ ಅಧ್ಯಕ್ಷರ ಸಹಿಗೆ ಬಂದ ಕಾಗದದ ಒಂದು ಪ್ರತಿ ದೇವರ ಮನೆಯ ಕಪಾಟಿನಲ್ಲಿ ವಿಭೂತಿ ಗಟ್ಟಿಗಳ ಪಕ್ಕದಲ್ಲಿ ಇರುತ್ತಿತ್ತು. ಹದಿನಾಲ್ಕು ಸಹಿ. ಒಂದನ್ನೂ ದ್ರಾಕ್ಷಾಯಣಮ್ಮ ಓದಿಸಿ ಕೇಳಿರಲಿಲ್ಲ.

ಕರಿಬಸವರಾಜ ಆ ಪ್ರತಿಯನ್ನು ಬಿಡಿಸಿದರು. ವಾಣಿ ಪೆನ್ಸಿಲಿನಲ್ಲಿ ಎರಡು ಕಡೆ ಗೆರೆ ಎಳೆದಿದ್ದಳು. ವಿದ್ಯಾರ್ಥಿನಿಯರ ಸಂಖ್ಯೆ ನೂರಾ ಹನ್ನೆರಡು. ಅಕ್ಕಿ ಖರೀದಿ ಒಂದು ಲಕ್ಷದ ನಲವತ್ತಾರು ಸಾವಿರದ ನಾನೂರು ರೂಪಾಯಿ.

"ನಿಮ್ಮಲ್ಲಿ ಎಷ್ಟು ಮಕ್ಕಳು ಅದಾರೆ?"

"ನಲವತ್ತೆಂಟು."

"ಯಾವತ್ತಾದ್ರೂ ನೂರಾ ಹನ್ನೆರಡು ಇದ್ವಾ?"

"ಅಷ್ಟು ಮಕ್ಕಳು ಮಲಗಾಕೆ ಅಲ್ಲಿ ಜಾಗನೇ ಇಲ್ರಿ."

"ಅಕ್ಕಿ ಕೊಂಡ್ಕೊಂತೀರಾ?"

ದ್ರಾಕ್ಷಾಯಣಮ್ಮ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು.

"ಹದಿನಾಲ್ಕು ವರ್ಷದಾಗೆ ಒಂದು ಕಾಳು ಅಕ್ಕಿ ಕೊಂಡಿಲ್ಲ ಸಾಹೇಬ್ರೆ. ಕೊಳ್ಳೋ ಹಂಗಿದ್ರ ಮನಿಮನಿ ಬಾಗಿಲಿಗೆ ಹೋಗಿ ಸೆರಗು ಯಾಕ ಒಡ್ಡತಿದ್ದೆ?"

ಲೆಕ್ಕ ಬರೆಯುವವರು ಯಾರೆಂದು ಇನ್‌ಸ್ಪೆಕ್ಟರ್ ಕೇಳಿದರು. ಕಾರ್ಯದರ್ಶಿ ಶಿವಯೋಗಪ್ಪ, ಮುಚ್ಚಿಹೋದ ಒಂದು ಬಟ್ಟೆ ಗಿರಣಿಯ ಲೆಕ್ಕದ ಗುಮಾಸ್ತರು. ಹದಿನಾಲ್ಕು ವರ್ಷದಿಂದ ಒಂದು ಪೈಸೆ ಸಂಬಳವಿಲ್ಲದೆ ದುಡಿದವರು ಎಂದು ಉತ್ತರ ಬಂತು. "ಅವನು ನನ್ನ ಬೆನ್ನಿಗೆ ಬಿದ್ದ ತಮ್ಮ ಇದ್ದಂಗೆ. ಅವನೊಬ್ಬನ್ನ ಬಿಟ್ಟು ಯಾರನ್ನ ಬೇಕಾದ್ರೂ ಕೇಳ್ರಿ," ಎಂದರು ದ್ರಾಕ್ಷಾಯಣಮ್ಮ. ಆಮೇಲೆ ಅವರೇ ತಮ್ಮ ಮಾತು ಸರಿಯಾಗಲಿಲ್ಲ ಎಂಬಂತೆ ಲಕೋಟೆಯ ಅಂಚನ್ನು ನೀವಿದರು.

ದೂರು ದಾಖಲಾದರೆ ಸುದ್ದಿ ಹೊರಗೆ ಹೋಗುತ್ತದೆ, ಅದನ್ನು ತಡೆಯಲು ಆಗದು ಎಂದು ಕರಿಬಸವರಾಜ ಮೊದಲೇ ತಿಳಿಸಿದರು.

"ರೊಕ್ಕ ಹೋದ್ರ ಹೋಗ್ಲಿ ಸಾಹೇಬ್ರೆ. ಸುದ್ದಿ ಬೀದಿಗೆ ಬಿದ್ರ ನಾನೂರು ಮನ್ಯಾಗೆ ಹಿಡಿ ಅಕ್ಕಿ ನಿಲ್ತೈತೆ. ಹನ್ನೊಂದು ಹುಡುಗೇರು ಮಾರ್ಚಿಗೆ ಎಸ್ಸೆಸ್ಸೆಲ್ಸಿ ಬರೀಬೇಕು. ಅವರ ಗಂಟು ಕಟ್ಟಿ ಊರಿಗೆ ಕಳಿಸೋ ಹಂಗೆ ಆಗಬಾರ್ದು."

ಹನ್ನೆರಡು ಹತ್ತಕ್ಕೆ ಅವರು ಸಹಿ ಹಾಕಿದರು. ಹಾಕುವ ಮೊದಲು ವಾಣಿಗೆ ಕೊಟ್ಟು ಎರಡು ಸಲ ಓದಿಸಿದರು. ಎಫ್‌ಐಆರ್ ಸಂಖ್ಯೆ 214/98. ನಂಬಿಕೆ ದ್ರೋಹ, ಸುಳ್ಳು ದಾಖಲೆ ಸೃಷ್ಟಿ, ಸುಳ್ಳು ಲೆಕ್ಕ. ಆರೋಪಿಯ ಜಾಗದಲ್ಲಿ 'ಅಪರಿಚಿತರು' ಎಂದು ಬರೆಯಲಾಯಿತು.

ಮರುದಿನ ಇನ್‌ಸ್ಪೆಕ್ಟರ್ ತೆರಿಗೆ ಕಚೇರಿಗೆ ಹೋದರು. ನೋಟೀಸು ಹೊರಡಿಸಲು ಟಿಪ್ಪಣಿ ಬರೆದಿದ್ದ ಪ್ರಶಾಂತ ಎಂಬ ಯುವ ಅಧಿಕಾರಿ ಮುಚ್ಚುಮರೆಯಿಲ್ಲದೆ ವಿವರಿಸಿದ. ಧರ್ಮದ ಟ್ರಸ್ಟಿಗೆ ತೆರಿಗೆ ಇಲ್ಲ ಎನ್ನುವುದಕ್ಕೆ ಒಂದು ಷರತ್ತಿದೆ. ಬಂದ ಆದಾಯದಲ್ಲಿ ನೂರಕ್ಕೆ ಎಪ್ಪತ್ತೈದು ಭಾಗವನ್ನಾದರೂ ಆ ಧರ್ಮದ ಕೆಲಸಕ್ಕೆ ಖರ್ಚು ಮಾಡಿರಬೇಕು. ಆ ವರ್ಷ ಅಕ್ಕನ ಮನೆಗೆ ಬಂದ ನಗದು ದೇಣಿಗೆ, ಬಡ್ಡಿ ಎಲ್ಲ ಸೇರಿ ಐದು ಲಕ್ಷದ ಎಂಬತ್ತನಾಲ್ಕು ಸಾವಿರ. ಖರ್ಚು ತೋರಿಸಿದ್ದು ನಾಲ್ಕು ಲಕ್ಷದ ಎಪ್ಪತ್ತೊಂದು ಸಾವಿರ. ಷರತ್ತು ದಾಟಿದೆ, ಕಾಗದದಲ್ಲಿ ಎಲ್ಲ ಸರಿ.

"ಮತ್ತೆ ಸಂಶಯ ಹೆಂಗೆ ಬಂತು?"

"ತಲೆಗೆ ಹಚ್ಚೋ ಎಣ್ಣೆ ಸಾರ್. ಅಕ್ಕಿ ನೂರಾ ಹನ್ನೆರಡು ಮಕ್ಕಳಿಗೆ ತಂದಾರೆ. ಎಣ್ಣೆ, ಸೋಪು, ಶಾಲೆ ಫೀಜು ನಲವತ್ತೆಂಟು ಮಕ್ಕಳಿಗೆ ಮಾತ್ರ. ಉಳಿದ ಮಕ್ಕಳು ತಲೆ ಬಾಚ್ಕೊಳ್ಳಲ್ವಾ?"

ಹಿಡಿ ಅಕ್ಕಿಯ ವಿಷಯವನ್ನು ಇನ್‌ಸ್ಪೆಕ್ಟರ್ ಹೇಳಿದಾಗ ಪ್ರಶಾಂತ ಪುಟಗಳನ್ನು ತಿರುವಿ ನೋಡಿದ. ಅದು ಎಲ್ಲೂ ಇರಲಿಲ್ಲ. ವಾರಕ್ಕೆ ಒಂದು ಕ್ವಿಂಟಾಲ್ ನಲವತ್ತು ಕಿಲೋ ಅಕ್ಕಿ ಮನೆಗಳಿಂದ ಬರುತ್ತಿತ್ತು, ಪುಸ್ತಕದಲ್ಲಿ ಅದಿಲ್ಲ. ಪುಸ್ತಕದಲ್ಲಿದ್ದ ಅಕ್ಕಿ ಹಾಸ್ಟೆಲಿಗೆ ಬಂದೇ ಇಲ್ಲ. ಮಕ್ಕಳು ಮನೆಮನೆಯ ಹಿಡಿ ಅಕ್ಕಿ ಉಂಡರು. ಆ ಅಕ್ಕಿಯನ್ನು ಕೊಂಡದ್ದೆಂದು ತೋರಿಸಿ ಯಾರೋ ನಗದು ಎತ್ತಿದ್ದರು. ಅಕ್ಕಿಯ ಖರ್ಚು ಸುಳ್ಳೆಂದು ತೆಗೆದುಹಾಕಿದರೆ ಟ್ರಸ್ಟ್ ಷರತ್ತಿನ ಕೆಳಗೆ ಬೀಳುತ್ತದೆ, ಮೂರು ವರ್ಷದ ತೆರಿಗೆ, ಬಡ್ಡಿ ಕೂಡಿದರೆ ಟ್ರಸ್ಟಿನ ಬ್ಯಾಂಕ್ ಠೇವಣಿ ಪೂರಾ ಹೋಗುತ್ತದೆ ಎಂದ ಪ್ರಶಾಂತ. ಕದ್ದವರು ಯಾರೆಂದು ಇಪ್ಪತ್ತನೇ ತಾರೀಖಿನೊಳಗೆ ಗೊತ್ತಾದರೆ ಮೇಲಿನವರಿಗೆ ಬರೆದು ಕಾಲಾವಕಾಶ ಕೇಳಬಹುದು ಎಂದೂ ಹೇಳಿದ.

ನವೆಂಬರ್ 4, ಬುಧವಾರ. ಟ್ರಸ್ಟಿನ ಕಚೇರಿ ಜವಳಿ ಅಂಗಡಿಗಳ ಬೀದಿಯಲ್ಲಿ, ಮಹಡಿ ಮೇಲಿನ ಒಂದು ಕೋಣೆ. ಐವತ್ತೊಂಬತ್ತು ವರ್ಷದ ಶಿವಯೋಗಪ್ಪನವರು ಹಣೆ ತುಂಬ ವಿಭೂತಿ ಧರಿಸಿ, ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟು, ಪೊಲೀಸರನ್ನು ಕಾಯುತ್ತಿದ್ದವರಂತೆ ಎದ್ದು ಬಂದರು.

"ಬರ್ರಿ ಸಾಹೇಬ್ರೆ, ಕೂಡ್ರಿ. ಅಕ್ಕಾರು ದೂರು ಕೊಟ್ಟಿದ್ದು ಚಲೋ ಆತು. ನನಗೂ ಮನಸ್ಸಿಗೆ ಸಮಾಧಾನ ಇರ್ಲಿಲ್ಲ."

ಮೂರು ವರ್ಷದ ನಗದು ಪುಸ್ತಕ, ಖಾತೆ ಪುಸ್ತಕ, ಒಂಬೈನೂರ ಮೂವತ್ತಾರು ವೋಚರುಗಳು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಸಿದ್ಧವಾಗಿದ್ದವು. ಪಂಚರ ಮುಂದೆ ಎಣಿಸಿ ಪಂಚನಾಮೆ ಮಾಡುವಾಗ ಶಿವಯೋಗಪ್ಪನವರೇ ಸಂಖ್ಯೆ ಹೇಳುತ್ತಾ ಹೋದರು. ಒಂದೂ ತಪ್ಪಲಿಲ್ಲ.

"ಅಕ್ಕಿ ಎಲ್ಲಿಂದ ಕೊಂಡ್ರಿ?" ಎಂದು ಕರಿಬಸವರಾಜ ಕೇಳಿದರು.

"ಮಲೆಬೆನ್ನೂರು. ಲಾಲ್ ಸಾಬ್ರ ಅಂಗಡಿ. ಬಿಲ್ಲು ಅದಾವ ನೋಡ್ರಿ."

"ಹಿಡಿ ಅಕ್ಕಿ ಬರ್ತಿತ್ತಲ್ಲ?"

"ಸಾಲ್ತಿರ್ಲಿಲ್ಲ."

"ನಲವತ್ತೆಂಟು ಮಕ್ಕಳಿಗೆ ಸಾಲ್ತಿರ್ಲಿಲ್ವಾ?"

ಶಿವಯೋಗಪ್ಪನವರು ಚಹಾದ ಲೋಟಗಳನ್ನು ಪಂಚರ ಕಡೆ ಸರಿಸಿದರು. ಮಕ್ಕಳ ಹಾಜರಿ ತಮ್ಮ ಕೈಯಲ್ಲಿಲ್ಲ, ಅಡುಗೆ ಮಾಡುವ ಉಡಚಮ್ಮ ಹೇಳಿದ ಸಂಖ್ಯೆಯನ್ನು ಬರೆದುಕೊಂಡು ಬಂದಿದ್ದೇನೆ ಎಂದರು. ಆಮೇಲೆ ದನಿ ತಗ್ಗಿಸಿ, "ಅಕ್ಕಿ ಹಿತ್ತಲ ಬಾಗಿಲಿಂದ ಎಲ್ಲಿಗೆ ಹೋಗ್ತಿತ್ತೋ ಏನೋ. ಬಡವಿ ಅದಾಳೆ, ಹೊಡೆಯೋದು ಬಡಿಯೋದು ಬ್ಯಾಡ್ರಿ," ಎಂದರು.

ಮೆಟ್ಟಿಲಿಳಿಯುವಾಗ ಹಯಾತ್ ಸಾಬ್, "ಎಷ್ಟು ಒಳ್ಳೇ ಮನುಷ್ಯ ಸಾರ್," ಎಂದರು. ಇನ್‌ಸ್ಪೆಕ್ಟರ್ ವೋಚರುಗಳ ಗಂಟನ್ನು ಜೀಪಿಗೆ ಹಾಕಿಸಿದರು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಹರಿಹರದಲ್ಲಿದ್ದರು. ಮಕ್ಕಳು ಶಾಲೆಗೆ ಹೋಗಿದ್ದರು. ಉಡಚಮ್ಮ ರೊಟ್ಟಿ ಹಂಚಿನ ಮುಂದೆ ಕುಳಿತಿದ್ದಳು. ಹನ್ನೊಂದು ವರ್ಷದಿಂದ ಅವಳದು ಅದೇ ಕೆಲಸ. ಅಡುಗೆಮನೆಯ ಬಾಗಿಲ ಮೇಲೆ ಹಾಲುಬಣ್ಣದ ಕಲ್ಲೊಂದಿತ್ತು: 'ಈ ಅಡುಗೆಮನೆಯ ದಾನಿಗಳು, ಬಕ್ಕೇಶಪ್ಪನವರು, ಜವಳಿ ವರ್ತಕರು, 1992.' ಕರಿಬಸವರಾಜ ಅದನ್ನು ಓದಿ ಒಳಗೆ ಹೋದರು.

ಅಕ್ಕಿ ಹೊರಗೆ ಮಾರಿದ್ದೀಯಾ ಎಂದು ಕೇಳಿದಾಗ ಉಡಚಮ್ಮ ಅಳಲಿಲ್ಲ. ಎದ್ದು, ಕೈ ತೊಳೆದು, ತಟ್ಟೆ ಇಡುವ ಹಲಗೆ ತೋರಿಸಿದಳು.

"ಎಣಿಸ್ರಿ."

ಹೆಸರು ಕೊರೆದ ಸ್ಟೀಲ್ ತಟ್ಟೆಗಳು ನಲವತ್ತೆಂಟು. ಬಂದವರಿಗೆಂದು ಮೂರು. ಪಕ್ಕದ ಗೋಡೆಯ ಮೇಲೆ ಇದ್ದಿಲ ಗೆರೆಗಳಿದ್ದವು. ಪ್ರತಿ ಸೋಮವಾರ ಬಂದ ಚೀಲಕ್ಕೆ ಒಂದು ಗೆರೆ. ಓದು ಬಾರದ ಹೆಂಗಸಿನ ಲೆಕ್ಕ ಅದು. ಸುಣ್ಣ ಹೊಡೆಯುವಾಗ ಆ ಗೋಡೆಯೊಂದನ್ನು ಬಿಡಿಸುತ್ತಿದ್ದಳಂತೆ.

"ನಾನು ಮಾರಿದೆ ಅಂತ ಯಾರು ಅಂದ್ರು ಸಾಹೇಬ್ರೆ?"

ಇನ್‌ಸ್ಪೆಕ್ಟರ್ ಗೋಡೆಯ ಗೆರೆಗಳನ್ನು ಎಣಿಸತೊಡಗಿದರು.

"ಅಪ್ಪಾರು ಅಂದ್ರಾ?" ಅವಳು ಶಿವಯೋಗಪ್ಪನವರನ್ನು ಹಾಗೇ ಕರೆಯುತ್ತಿದ್ದಳು. ಉತ್ತರಕ್ಕೆ ಕಾಯದೆ ಮತ್ತೆ ಒಲೆಯ ಮುಂದೆ ಕುಳಿತಳು. "ನನ್ನ ಕೈ ರೊಟ್ಟಿ ಅಂದ್ರ ಅವರಿಗೆ ಭಾಳ ಸೇರ್ತಿತ್ತು," ಎಂದಳು, ಹಂಚಿಗೆ ಹೇಳುವಂತೆ.

ಅಂದೇ ಮಧ್ಯಾಹ್ನ ಎರಡೂವರೆಗೆ ಮಲೆಬೆನ್ನೂರಿನಲ್ಲಿ ಲಾಲ್ ಸಾಬ್ ಸಿಕ್ಕರು. ಎಪ್ಪತ್ತು ದಾಟಿದ ಮುದುಕರು, ಮಗನ ಸೈಕಲ್ ಷಾಪಿನ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದರು. ಅಕ್ಕಿ ಅಂಗಡಿ ಮುಚ್ಚಿ ನಾಲ್ಕು ವರ್ಷವಾಗಿತ್ತು. ಅವರ ಹೆಸರು ಅಚ್ಚಾದ ಬಿಲ್ಲುಗಳನ್ನು ತೋರಿಸಿದಾಗ ಕನ್ನಡಕ ಏರಿಸಿ ನೋಡಿ, ಇಂಥ ಮೂರು ಪುಸ್ತಕ ಮಿಕ್ಕಿದ್ದವು, ಶಿವಯೋಗಪ್ಪನವರು ಬಂದು ಒಯ್ದರು ಎಂದರು.

"ಯಾಕ ಬೇಕು ಅಂದ್ರು?"

"ಹಿಂದ್ಗಡೆ ಖಾಲಿ ಐತಲ್ಲ, ಮಕ್ಳು ಲೆಕ್ಕ ಬಿಡಿಸ್ತಾರೆ ಅಂದ್ರು. ಸವಾಬಿನ ಕೆಲ್ಸ, ಪುಣ್ಯ ಬರ್ತೈತೆ, ಒಯ್ಯಿರಿ ಅಂದೆ. ರದ್ದಿಯವನು ಎರಡು ರೂಪಾಯಿ ಕೊಡ್ತಿದ್ದ, ಅದೂ ಬ್ಯಾಡ ಅಂದೆ."

"ಈ ಬರಹ ನಿಮ್ದಾ?"

"ನಾನು ಕನ್ನಡದಾಗೆ ಬರೆಯೋದು ನನ್ನ ಸಹಿ ಒಂದೇ ಸಾಹೇಬ್ರೆ. ಇಷ್ಟು ಚಂದ ಅಕ್ಷರ ಇದ್ದಿದ್ರ ಅಕ್ಕಿ ಯಾಕ ಮಾರ್ತಿದ್ದೆ?"

ಬೆರಳು ತೋರುವುದು ಒಬ್ಬರ ಕಡೆಗೇ ಆಗಿತ್ತು. ಆದರೆ ಎರಡು ತೊಡಕುಗಳಿದ್ದವು. ಒಂಬೈನೂರ ಮೂವತ್ತಾರು ವೋಚರುಗಳಲ್ಲಿ ಅಕ್ಕಿಯವಲ್ಲದೆ ಬೇರೆ ಯಾವುವು ಸುಳ್ಳು ಎಂದು ಒಂದೊಂದನ್ನೂ ಅಂಗಡಿಗೆ ಹೋಗಿ ಕೇಳುತ್ತ ಕೂತರೆ ಮೂರು ತಿಂಗಳು ಬೇಕು. ಎರಡನೆಯದು, ಹಣ. ಶಿವಯೋಗಪ್ಪನವರ ಬ್ಯಾಂಕ್ ಖಾತೆಯಲ್ಲಿ ಸಾವಿರದ ನೂರಾ ನಲವತ್ತು ರೂಪಾಯಿ ಇತ್ತು. ಎರಡು ಕೋಣೆಯ ಬಾಡಿಗೆ ಮನೆ, ಹಳೆಯ ಸೈಕಲ್ಲು. ಮಕ್ಕಳಿಲ್ಲ. ಹೆಂಡತಿಯ ಕೊರಳಲ್ಲಿ ಕರಿಮಣಿ, ಲಿಂಗದ ಕರಡಿಗೆ ಬಿಟ್ಟರೆ ಬೇರೇನಿಲ್ಲ.

"ಲಕ್ಷಗಟ್ಲೆ ತಿಂದವನ ಮನಿ ಹಿಂಗೆ ಇರಲ್ಲ ಸಾರ್," ಎಂದರು ಹಯಾತ್ ಸಾಬ್. ಅವರಿಗೆ ಇನ್ನೂ ಆಸೆ ಇತ್ತು.

ಶನಿವಾರ ಮಧ್ಯಾಹ್ನ ಮೂರಕ್ಕೆ ಆ ಆಸೆ ಹೋಯಿತು. ಠಾಣೆಯ ಹಿಂದಿನ ಕೋಣೆಯಲ್ಲಿ ವೋಚರುಗಳನ್ನು ತಿಂಗಳುವಾರು ಜೋಡಿಸುತ್ತಿದ್ದ ಹಯಾತ್ ಸಾಬ್ ಎರಡು ಕಟ್ಟುಗಳನ್ನು ಹಿಡಿದು ಇನ್‌ಸ್ಪೆಕ್ಟರ್ ಮುಂದೆ ಬಂದು ನಿಂತರು. ಮುಖ ಬಾಡಿತ್ತು.

"ಸಾರ್, ನಮ್ಮ ಮನ್ಯಾಗೆ ಕಿರಾಣಿ ಚೀಟಿ ಬರೆದ್ರೂ ದೇವರ ಹೆಸರು ಅಂತ ಮೇಲೆ ಏಳ್ನೂರ ಎಂಬತ್ತಾರು ಬರೀತೀವಿ. ನಿಮ್ಮವರು?"

"ಶ್ರೀ ಅಂತ ಬರೀತಾರೆ. ಯಾಕ?"

"ಶಿವಯೋಗಪ್ಪನವರು 'ಶ್ರೀ ಗುರು' ಅಂತ ಬರೀತಾರೆ. ನಾಕು ರೂಪಾಯಿ ಪೊರಕೆ ತಂದ ಚೀಟಿಗೂ ಬರ್ದಾರೆ. ಇವಕ್ಕೆ ಬರೆದಿಲ್ಲ."

ದೊಡ್ಡ ಕಟ್ಟಿನಲ್ಲಿ ಎಂಟುನೂರ ತೊಂಬತ್ತೈದು ವೋಚರುಗಳು. ಪ್ರತಿಯೊಂದರ ನೆತ್ತಿಯಲ್ಲೂ ಅದೇ ದುಂಡನೆಯ ಅಕ್ಷರದ 'ಶ್ರೀ ಗುರು'. ಚಿಕ್ಕ ಕಟ್ಟಿನಲ್ಲಿ ನಲವತ್ತೊಂದು. ಅವುಗಳ ನೆತ್ತಿ ಬೋಳು. ಮೂವತ್ತಾರು ಲಾಲ್ ಸಾಬರ ಅಕ್ಕಿಯವು, ತಿಂಗಳಿಗೊಂದರಂತೆ ಮೂರು ವರ್ಷದವು. ಉಳಿದ ಐದು ಸೌದೆ, ಹೊದಿಕೆ, ಬೇಳೆ.

ಅಂದು ಸಂಜೆಯೇ ಆ ಐದು ಅಂಗಡಿಗಳಿಗೆ ಪೇದೆಗಳು ಹೋಗಿ ಬಂದರು. ಯಾರೂ ಆ ಸಾಮಾನು ಮಾರಿರಲಿಲ್ಲ. ದೊಡ್ಡ ಕಟ್ಟಿನಿಂದ ಐವತ್ತನ್ನು ಎತ್ತಿ ಭಾನುವಾರ ವಿಚಾರಿಸಿದರು. ಐವತ್ತೂ ನಿಜ. ನಲವತ್ತೊಂದರ ಮೊತ್ತ ನಾಲ್ಕು ಲಕ್ಷದ ಹದಿನೆಂಟು ಸಾವಿರ ರೂಪಾಯಿ. ರಿಟರ್ನ್ಸಿಗೆ ಸಹಿ ಹಾಕಿದ್ದ ಲೆಕ್ಕ ಪರಿಶೋಧಕರು ಬಿಲ್ಲಿಗೂ ವೋಚರಿಗೂ ತಾಳೆ ನೋಡಿದ್ದರು; ಮಕ್ಕಳನ್ನು ಎಣಿಸುವುದು ತಮ್ಮ ಕೆಲಸವಲ್ಲ ಎಂದು ಹೇಳಿಕೆ ಕೊಟ್ಟರು. ಅಕ್ಷರಗಳು ತಜ್ಞರ ಪರೀಕ್ಷೆಗೆ ಹೋದವು.

ಕರಿಬಸವರಾಜ ಬೋಳು ನೆತ್ತಿಯ ಒಂದು ವೋಚರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸುಳ್ಳು ಬರೆಯಲು ಆ ಕೈ ಹೆದರಿರಲಿಲ್ಲ. ದೇವರ ಹೆಸರಿನ ಕೆಳಗೆ ಬರೆಯಲು ಮಾತ್ರ ಏಳಲಿಲ್ಲ. ಇದನ್ನು ನ್ಯಾಯಾಲಯದಲ್ಲಿ ಸಾಕ್ಷಿಯೆಂದು ಹೇಗೆ ಹೇಳುವುದು ಎಂದು ಯೋಚಿಸಿದರು.

ಹಯಾತ್ ಸಾಬ್ ಅಂದು ಮನೆಗೆ ಹೋಗಿ ಊಟಕ್ಕೆ ಕೂತಾಗ ಡಾಲ್ಡಾ ಡಬ್ಬಿಯ ಕಡೆ ಕಣ್ಣು ಹೋಯಿತು. ಸುದ್ದಿ ಆಗಲೇ ಬೀದಿಯಲ್ಲಿತ್ತು. ಹಜೀರಾಬೀ ನಾಲ್ಕು ದಿನದಿಂದ ಅದಕ್ಕೆ ಅಕ್ಕಿ ಹಾಕಿರಲಿಲ್ಲ.

ನವೆಂಬರ್ 9, ಸೋಮವಾರ. ಅಡುಗೆಮನೆಯ ಗೋಡೆ, ತಟ್ಟೆಗಳ ಪಂಚನಾಮೆಗೆ ಮತ್ತೆ ಹರಿಹರ. ಜೀಪು ಕೆಟ್ಟಿದ್ದರಿಂದ ಬಸ್ಸಿನ ಪ್ರಯಾಣ. ಅಂದು ಬಂದ ಹಿಡಿ ಅಕ್ಕಿ ಒಂದೇ ಚೀಲ, ಅದೂ ಕಟ್ಟದೆ ಬಾಯಿ ಸುತ್ತಿದ್ದು. ಉಡಚಮ್ಮ ತಕ್ಕಡಿಯಿಲ್ಲದೆ, ಎತ್ತಿ ನೋಡಿ, ಅರವತ್ತು ಕಿಲೋ ಎಂದಳು. ಗೋಡೆಯ ಮೇಲೆ ಅರ್ಧ ಗೆರೆ ಎಳೆದಳು.

ಹಿಂತಿರುಗಲು ನಾಲ್ಕು ಐವತ್ತರ ಪ್ಯಾಸೆಂಜರ್ ಗಾಡಿಗಾಗಿ ಇಬ್ಬರೂ ಹರಿಹರ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ಇನ್‌ಸ್ಪೆಕ್ಟರ್ ಸಿಮೆಂಟಿನ ಬೆಂಚಿನ ಮೇಲೆ ಕುಳಿತಿದ್ದರು. ಹಯಾತ್ ಸಾಬ್ ಕಡಲೆಕಾಯಿ ಕಟ್ಟಿಸಿಕೊಂಡು ಬಂದವರು ಎದುರಿಗೆ ನಿಂತುಬಿಟ್ಟರು.

"ಸಾರ್, ಸ್ವಲ್ಪ ಏಳ್ರಿ."

ಬೆಂಚಿನ ಬೆನ್ನಿನ ಮೇಲೆ ಅಚ್ಚುಕಟ್ಟಾಗಿ ಕೊರೆದು ಕಪ್ಪು ಬಣ್ಣ ತುಂಬಿದ ಅಕ್ಷರಗಳಿದ್ದವು: 'ಲಿಂಗೈಕ್ಯ ಬಸಲಿಂಗಪ್ಪನವರ ಸ್ಮರಣಾರ್ಥ, ಅವರ ಮಗ ಶಿವಯೋಗಪ್ಪ, ದಾವಣಗೆರೆ, ಇವರ ಸೇವೆ.' ಪಕ್ಕದ ಬೆಂಚಿನ ಮೇಲೂ ಅದೇ. ಅದರಾಚೆಯದರ ಮೇಲೂ ಅದೇ.

ಗಾಡಿ ಬಂತು, ಹೋಯಿತು. ಅವರು ಹತ್ತಲಿಲ್ಲ. ಊರ ಹೊರಗೆ ಸಿಮೆಂಟ್ ಸಾಮಾನು ಮಾಡುವ ಷೆಡ್ಡೊಂದರಲ್ಲಿ ಆ ಬೆಂಚುಗಳನ್ನು ಎರಕ ಹೊಯ್ದಿದ್ದರು. ಮಾಲೀಕ ಆರ್ಡರ್ ಪುಸ್ತಕ ತೆಗೆದಿಟ್ಟ. ಮೂರು ವರ್ಷದಲ್ಲಿ ಮೂವತ್ತೊಂದು ಬೆಂಚು, ಮಲೆಬೆನ್ನೂರು ದಾರಿಯ ಒಂದು ಶಾಲೆಗೆ ನೀರಿನ ತೊಟ್ಟಿ, ಎರಡು ಬಸ್ ತಂಗುದಾಣ. ಎಲ್ಲ ಸೇರಿ ಮೂರು ಲಕ್ಷ ಅರವತ್ತು ಸಾವಿರದ ಹತ್ತಿರ, ಎಲ್ಲ ನಗದು; ಸಾಗಿಸಿ ಕೂಡಿಸುವ ಕೂಲಿ ಬೇರೆ. ಪ್ರತಿ ಪಾವತಿಯೂ ಒಂದೊಂದು ಅಕ್ಕಿ ವೋಚರಿನ ತಾರೀಖಾಗಿ ಎರಡು ಮೂರು ದಿನಕ್ಕೆ ಬಂದಿತ್ತು. ದಾವಣಗೆರೆ ಪೇಟೆಯೊಳಗೆ ಒಂದನ್ನೂ ಹಾಕಿಸಿರಲಿಲ್ಲ.

"ಹೆಸರು ದೊಡ್ಡದಾಗಿ ಬರ್ಲಿ ಅಂತಿದ್ರಾ?"

"ಇಲ್ಲ ಸಾರ್. ದೊಡ್ಡದು ಬ್ಯಾಡ, ಆಳವಾಗಿ ಕೊರೀರಿ ಅಂತಿದ್ರು. ಮಳಿ ಬಿಸಿಲಿಗೆ ಅಳಿಸಬಾರ್ದಂತೆ."

ಪುಸ್ತಕದ ಕೊನೆಯ ಸಾಲು: ಕೊಂಡಜ್ಜಿ ರಸ್ತೆಯ ತಂಗುದಾಣಕ್ಕೆ ಹೆಸರಿನ ಕಲ್ಲು, ಹನ್ನೆರಡನೇ ತಾರೀಖು, ಗುರುವಾರ ಕೂಡಿಸುವುದು.

ಆ ಗುರುವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಶಿವಯೋಗಪ್ಪನವರು ಬಸ್ಸಿನಿಂದ ಇಳಿದರು. ಕೈಚೀಲದಲ್ಲಿ ತೆಂಗಿನಕಾಯಿ, ಊದುಬತ್ತಿ, ಕರ್ಪೂರ ಇದ್ದವು. ಕಲ್ಲನ್ನು ಆಗತಾನೇ ಕೂಡಿಸಿ ಗಾರೆಯವನು ಹೋಗಿದ್ದ. ತಂಗುದಾಣದೊಳಗೆ ಕುಳಿತಿದ್ದ ಇನ್‌ಸ್ಪೆಕ್ಟರನ್ನೂ ಇಬ್ಬರು ಪಂಚರನ್ನೂ ಕಂಡು ಅವರು ಓಡಲಿಲ್ಲ. ಚೀಲವನ್ನು ಕಟ್ಟೆಯ ಮೇಲಿಟ್ಟು, ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು, ಒಂದು ಕಾಯಿ ಒಡೆಯಬಹುದೇ ಎಂದು ಕೇಳಿದರು.

"ಇಲ್ಲ. ಈ ಕಲ್ಲು ಈಗ ಕೇಸಿನದು," ಎಂದರು ಕರಿಬಸವರಾಜ.

ಹಯಾತ್ ಸಾಬ್ ಮುಂದೆ ಬಂದರು. ಕೇಳುವುದು ಅವರ ಅಧಿಕಾರವಲ್ಲದಿದ್ದರೂ ಇನ್‌ಸ್ಪೆಕ್ಟರ್ ತಡೆಯಲಿಲ್ಲ.

"ನನ್ನ ಹೆಂಡ್ತಿ ಒಂಬತ್ತು ವರ್ಷ ದಿನಾ ಒಂದೊಂದು ಹಿಡಿ ತೆಗೆದಿಟ್ಟಾಳೆ ಶಿವಯೋಗಪ್ಪನವ್ರೆ. ಉಪವಾಸದ ರೋಜಾ ತಿಂಗಳದಾಗೂ ಬಿಡ್ಲಿಲ್ಲ."

"ಗೊತ್ತು ಸಾಬ್ರೆ. ಹಿಡಿ ಅಕ್ಕಿ ನಾನು ಮುಟ್ಟಿಲ್ಲ. ಒಂದು ಕಾಳು ಮುಟ್ಟಿಲ್ಲ."

"ಉಡಚಮ್ಮನ ಹೆಸರು ಯಾಕ ಹೇಳಿದ್ರಿ?" ಎಂದರು ಇನ್‌ಸ್ಪೆಕ್ಟರ್.

ಶಿವಯೋಗಪ್ಪ ಕೈಚೀಲದ ಬಾಯಿ ಕಟ್ಟಿದರು. ಆಮೇಲೆ ತಾವೇ ಬೇರೆ ಮಾತು ತೆಗೆದರು.

"ಅಡಿಗಿಮನಿ ಬಾಗಿಲ ಮ್ಯಾಗಿನ ಕಲ್ಲು ನೋಡೀರಾ ಸಾಹೇಬ್ರೆ?"

"ಬಕ್ಕೇಶಪ್ಪನವರ ಹೆಸರೈತೆ."

"ಆ ಅಡಿಗಿಮನಿ ಕಟ್ಟಿದ್ದು ನನ್ನ ಗ್ರಾಚುಯಿಟಿ ರೊಕ್ಕದಾಗೆ. ಗಿರಣಿ ಮುಚ್ಚಿದಾಗ ಕೊಟ್ಟ ಮೂವತ್ತೆಂಟು ಸಾವಿರ. ಬಕ್ಕೇಶಪ್ಪ ಕೊಟ್ಟಿದ್ದು ಆ ಕಲ್ಲು ಒಂದನ್ನೇ."

ನಾಲ್ಕು ನಲವತ್ತಕ್ಕೆ ಬಂಧನವಾಯಿತು. ಆರೂವರೆಯ ಹೊತ್ತಿಗೆ ಠಾಣೆಯಲ್ಲಿ ಸ್ವಇಚ್ಛಾ ಹೇಳಿಕೆ ಬರೆದು ಮುಗಿಯಿತು. ಮೊದಲು ತನ್ನ ಮೂವತ್ತೆಂಟು ಸಾವಿರ ತಾನು ತೆಗೆದುಕೊಳ್ಳುತ್ತೇನೆ ಎಂದುಕೊಂಡೇ ಶುರು ಮಾಡಿದ್ದಾಗಿ ಆರೋಪಿ ಹೇಳಿದ್ದ. ಅದು ಐದು ತಿಂಗಳಲ್ಲೇ ತೀರಿತು. ಆದರೆ ಮೊದಲ ಬೆಂಚಿನ ಮೇಲೆ ಅಪ್ಪನ ಹೆಸರು, ತನ್ನ ಹೆಸರು ಕಂಡ ದಿನ ಅಲ್ಲೇ ಸಂಜೆಯವರೆಗೆ ಕುಳಿತಿದ್ದೆ, ಆಮೇಲೆ ನಿಲ್ಲಿಸಲಾಗಲಿಲ್ಲ ಎಂದಿದ್ದ. ಓದಿ ಹೇಳಿದ್ದನ್ನು ಕೇಳಿ ಪೆನ್ನು ತೆಗೆದುಕೊಂಡ. ಸಹಿಯ ಜಾಗಕ್ಕೆ ಹೋಗುವ ಮೊದಲು ಹಾಳೆಯನ್ನು ಮೇಲಕ್ಕೆ ಎಳೆದುಕೊಂಡು, ನೆತ್ತಿಯಲ್ಲಿ, ದುಂಡಗಿನ ಅಕ್ಷರದಲ್ಲಿ 'ಶ್ರೀ ಗುರು' ಎಂದು ಬರೆದ. ಆಮೇಲೆ ಕೆಳಗೆ ಸಹಿ ಹಾಕಿದ.

ಹಯಾತ್ ಸಾಬ್ ಹಾಳೆಯನ್ನು ಕಡತಕ್ಕೆ ಸೇರಿಸಿದರು.

ಶುಕ್ರವಾರ ಕಲ್ಲಿನ ವಿಷಯವಾಗಿ ದ್ರಾಕ್ಷಾಯಣಮ್ಮನ ಪೂರಕ ಹೇಳಿಕೆ ಬೇಕಾಗಿತ್ತು. ಇನ್‌ಸ್ಪೆಕ್ಟರ್ ಅವರ ಮನೆಗೇ ಹೋದರು. ಬಂಧನದ ಸುದ್ದಿ ತಿಳಿದಾಗಿನಿಂದ ಅಜ್ಜಿ ಅವನ ಹೆಸರೆತ್ತಿಲ್ಲ ಎಂದು ವಾಣಿ ಬಾಗಿಲಲ್ಲೇ ಹೇಳಿದಳು.

ಅಡುಗೆಮನೆ ಕಟ್ಟಿದ ಹಣ ಯಾರದು ಎಂಬ ಪ್ರಶ್ನೆಗೆ ದ್ರಾಕ್ಷಾಯಣಮ್ಮ ನೆಲ ನೋಡಿದರು. ವರ್ಷಾವರ್ಷ ಜೂನಿನಲ್ಲಿ ಹಾಸ್ಟೆಲಿನ ಬಾಗಿಲಿಗೆ ಬಂದ ಹುಡುಗಿಯರನ್ನು ತಾವು ವಾಪಸು ಕಳಿಸಿದ್ದನ್ನು ಮೊದಲು ಹೇಳಿದರು. ಇನ್ನೊಂದು ಕೋಣೆ ಕಟ್ಟೋಣವೆಂದರೆ ಕಾರ್ಯದರ್ಶಿ ರೊಕ್ಕವಿಲ್ಲ ಅಕ್ಕಾ ಎನ್ನುತ್ತಿದ್ದನಂತೆ. "ಕಾಗದದಾಗೆ ಹೆಚ್ಚಿಗೆ ತೋರಿಸ್ಯಾನಲ್ಲ ಅರವತ್ನಾಲ್ಕು ಮಕ್ಕಳು, ಅವು ನಾನು ಬಾಗಿಲಿಂದ ತಿರುಗಿಸಿ ಕಳಿಸಿದ ಮಕ್ಕಳು ಸಾಹೇಬ್ರೆ," ಎಂದರು. ಆಮೇಲೆ ಕಲ್ಲಿನ ಮಾತಿಗೆ ಬಂದರು.

"ರೊಕ್ಕ ಅವಂದೇ. ಬಕ್ಕೇಶಪ್ಪ ಮುಂದ ಬೋರು ಹಾಕಿಸಿಕೊಡ್ತೀನಿ ಅಂದಿದ್ದ, ಅವನ ಹೆಸರು ಹಾಕಿದ್ರ ಖುಷಿ ಆಗ್ತಾನೆ ಅಂತ ಕಲ್ಲಿನವನಿಗೆ ಹೇಳಿದ್ದು ನಾನೇ. ಇವನು ಅಲ್ಲೇ ನಿಂತಿದ್ದ. ನೀನು ಮನಿಯವನು, ನಿಂದ್ಯಾಕೋ ಹೆಸರು ಅಂದೆ. ನಕ್ಕ."

"ಇದನ್ನ ಬರ್ಕೊಂಡ್ರ ಅವರ ಕಡೆ ವಕೀಲರಿಗೆ ಅನುಕೂಲ ಆಗ್ತೈತೆ ಅಮ್ಮಾರೆ."

"ಬರ್ಕೊಳ್ರಿ. ಅವನು ಮಾಡಿದ್ದು ಬರ್ದೀರಲ್ಲ. ಇದೂ ಆಗಿದ್ದೇ."

ಕಲ್ಲನ್ನು ತೆಗೆಸುತ್ತೀರಾ ಎಂದು ಹೊರಡುವಾಗ ಕರಿಬಸವರಾಜ ಕೇಳಿದರು. ತೆಗೆಸಿ ಯಾರ ಹೆಸರು ಬರೆಸಲಿ ಎಂದು ಅವರು ತಿರುಗಿ ಕೇಳಿದರು. ಇನ್‌ಸ್ಪೆಕ್ಟರ್ ಚಪ್ಪಲಿ ಮೆಟ್ಟಿಕೊಂಡರು.

ತೆರಿಗೆ ಕಚೇರಿ ವಿಚಾರಣೆಯನ್ನು ಜನವರಿಗೆ ಮುಂದೂಡಿ, ಸರಿಯಾದ ಲೆಕ್ಕ ಸಲ್ಲಿಸಲು ಅವಕಾಶ ಕೊಟ್ಟಿತು. ದೋಷಾರೋಪಣ ಪಟ್ಟಿಯ ಜೊತೆ ಕೇಸ್ ಡೈರಿಯಲ್ಲಿ ಅಪರಾಧದ ಪ್ರೇರಣೆ ಎಂಬ ಕಡೆ ಕರಿಬಸವರಾಜ ಮೊದಲು 'ಹಣದಾಸೆ' ಎಂದು ಬರೆದು ಅದನ್ನು ಹೊಡೆದುಹಾಕಿದ್ದರು. ಅದರ ಮುಂದೆ 'ಅಡುಗೆಮನೆಯ ಕಲ್ಲು, ನೋಡಿ ಫೋಟೋ ಸಂಖ್ಯೆ 7' ಎಂದಷ್ಟೇ ಇತ್ತು.

ನವೆಂಬರ್ 16, ಸೋಮವಾರ ಬೆಳಿಗ್ಗೆ ಚೀಲ ಹಿಡಿದು ಬೀದಿಗೆ ಇಳಿದದ್ದು ದ್ರಾಕ್ಷಾಯಣಮ್ಮನೇ. ಹಿಂದೆ ವಾಣಿ, ಅವಳ ಕೈಯಲ್ಲಿ ಸಣ್ಣ ತೂಗುತಕ್ಕಡಿ, ಹೊಸ ನೋಟ್‌ಬುಕ್ಕು. ಹಯಾತ್ ಸಾಬರ ಬಾಗಿಲಿಗೆ ಬಂದಾಗ ಹಜೀರಾಬೀ ಒಳಗೇ ನಿಂತಿದ್ದರು.

"ನಮ್ಮವನೇ ಕದ್ದಾನವ್ವ. ನಾನು ಓದದೆ ಸಹಿ ಹಾಕಿದ್ದೆ," ಎಂದರು ದ್ರಾಕ್ಷಾಯಣಮ್ಮ. "ಬ್ಯಾಡ ಅನ್ನಿಸಿದ್ರ ಹಾಕಬ್ಯಾಡ. ಹೇಳಿ ಹೋಗಾಕೆ ಬಂದೆ."

ಹಜೀರಾಬೀ ಡಬ್ಬಿ ತಂದರು. ಎರಡು ವಾರದಲ್ಲಿ ಅದರ ತಳ ಮುಚ್ಚುವಷ್ಟು ಮಾತ್ರ ಅಕ್ಕಿ ಇತ್ತು. ಅದನ್ನು ಸುರಿದು, ಒಳಗೆ ಹೋಗಿ, ಅಂದಿನ ಅಡುಗೆಗೆ ಅಳೆದಿಟ್ಟಿದ್ದ ಮೊರದಿಂದ ಇನ್ನೊಂದು ಹಿಡಿ ತಂದು ಹಾಕಿದರು. ವಾಣಿ ತೂಗಿದಳು, ಇನ್ನೂರ ಎಪ್ಪತ್ತು ಗ್ರಾಮ್ ಎಂದು ಹೆಸರಿನ ಮುಂದೆ ಬರೆದಳು.

ನಾನೂರು ಮನೆಗಳಲ್ಲಿ ಇನ್ನೂರ ಮೂವತ್ತೊಂದು ಮನೆಗಳು ಅಂದು ಬಾಗಿಲು ತೆರೆದವು. ಸಂಜೆ ಹರಿಹರಕ್ಕೆ ಹೋದದ್ದು ಎಂಬತ್ತೆರಡು ಕಿಲೋ. ಮಕ್ಕಳಿಗೆ ಸಾಲುವಷ್ಟಿರಲಿಲ್ಲ. ವಾರಕ್ಕೆ ಎರಡು ದಿನ ರಾಗಿ ಮುದ್ದೆ ಮಾಡುತ್ತೇನೆ, ಮಾರ್ಚಿನವರೆಗೆ ಹೇಗೋ ಎಳೆಯೋಣ ಎಂದು ಉಡಚಮ್ಮ ಹೇಳಿ ಗೋಡೆಯ ಕಡೆ ಇದ್ದಿಲು ಹಿಡಿದು ಹೋದಳು. ವಾಣಿ ಪುಸ್ತಕ ತೆರೆದು ಆ ಎಂಬತ್ತೆರಡು ಕಿಲೋವನ್ನು ಬಂದ ಲೆಕ್ಕದ ಪುಟದಲ್ಲಿ ಬರೆದಳು. ಹದಿನಾಲ್ಕು ವರ್ಷದಲ್ಲಿ ಹಿಡಿ ಅಕ್ಕಿ ಪುಸ್ತಕಕ್ಕೆ ಏರಿದ್ದು ಅದೇ ಮೊದಲು.